ಕಳೆದುಹೋದ ಒಂದು ಆಣೆ: ತಂತ್ರಾಂಶ ಪರೀಕ್ಷಕರಲ್ಲಿ ಯಾರು ಯಾರು?



ಮೊದಲಿಗೆ ಒಂದು ಸಣ್ಣ ಲೆಕ್ಕ ಮಾಡೋಣ. ಹೊನ್ನಾವರ ತಾಲ್ಲೂಕಿನ ಒಂದು ಮನೆಗೆ ಒಂದು ಎಕರೆ ಅಡಿಕೆ ತೋಟವಿದೆ ಎಂದಿಟ್ಟುಕೊಳ್ಳಿ. ಅಣ್ಣತಮ್ಮಂದಿರು ಮೂವರು. ತೋಟ ಸಮನಾಗಿ ಪಾಲಾಗಬೇಕು. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಮೂರರಿಂದ ಭಾಗಿಸಿದರೆ ತಲಾ 13 ಗುಂಟೆ 5 ಆಣೆ ಬರುತ್ತದೆ. ಈಗ ಮೂರು ಪಾಲುಗಳನ್ನೂ ಮತ್ತೆ ಕೂಡಿಸಿ ನೋಡಿ. 39 ಗುಂಟೆ 15 ಆಣೆ! ಉಳಿದ ಒಂದು ಆಣೆ ಎಲ್ಲಿ ಹೋಯಿತು?

ಒಂದು ಗುಂಟೆ ಎಂದರೆ 1,089 ಚದರ ಅಡಿ. ಹಾಗಾದರೆ ಒಂದು ಆಣೆ ಸುಮಾರು 68 ಚದರ ಅಡಿ. ಒಂದು ಬಾವಿ ತೋಡುವಷ್ಟು ಜಾಗ. ಅಷ್ಟು ಜಾಗಕ್ಕಾಗಿಯೇ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಿಮ್ಮ ಊರಿನಲ್ಲಿ ನೀವೂ ಕಂಡಿರಬಹುದು.

ಹಿಂದೆ ಈ ಲೆಕ್ಕವನ್ನು ಶಾನುಭೋಗರು ಕೈಯಲ್ಲಿ ಬರೆಯುತ್ತಿದ್ದರು. ಈಗ ಪಹಣಿಯನ್ನು ಮುದ್ರಿಸಿ ಕೊಡುವುದು ಗಣಕಯಂತ್ರ. ಅದಕ್ಕೆ ಲೆಕ್ಕ ಹೇಳಿಕೊಡುವುದು ತಂತ್ರಾಂಶ. ಆ ತಂತ್ರಾಂಶವನ್ನು ಬರೆದವರು ಮಿಕ್ಕ ಒಂದು ಆಣೆಯನ್ನು ಮರೆತಿದ್ದರೆ ಅದನ್ನು ಹಿಡಿಯುವವರು ಯಾರು? ಆ ಕೆಲಸ ಮಾಡುವವರೇ ತಂತ್ರಾಂಶ ಪರೀಕ್ಷಕರು. ಪರೀಕ್ಷಕ ಎಂದರೆ ಪರದೆಯ ಮುಂದೆ ಕುಳಿತು ಗುಂಡಿ ಒತ್ತಿ ನೋಡುವ ಒಬ್ಬ ವ್ಯಕ್ತಿ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಇದು ಹಲವು ಬಗೆಯ ತಜ್ಞರು ಹಂಚಿಕೊಂಡು ಮಾಡುವ ಕೆಲಸ. ಒಬ್ಬೊಬ್ಬರೂ ಅದೇ ತಂತ್ರಾಂಶಕ್ಕೆ ಬೇರೆ ಬೇರೆ ಪ್ರಶ್ನೆ ಕೇಳುತ್ತಾರೆ. ಹತ್ತು ಜನ ಒಂದೇ ಪ್ರಶ್ನೆಯನ್ನು ಕೇಳಿದರೆ ಒಂದೇ ದೋಷ ಹತ್ತು ಬಾರಿ ಸಿಗುತ್ತದೆ, ಉಳಿದವು ನುಸುಳಿ ಹೋಗುತ್ತವೆ.

ಪಹಣಿ ಗಣಕಯಂತ್ರಕ್ಕೆ ಬಂದ ಬಗೆ

ಕರ್ನಾಟಕದ ‘ಭೂಮಿ’ ಯೋಜನೆಯ ಹೆಸರನ್ನು ನೀವು ಕೇಳಿರುತ್ತೀರಿ. ಹೊಲಗದ್ದೆಗಳ ಹಕ್ಕು, ಗೇಣಿ ಮತ್ತು ಬೆಳೆಗಳ ವಿವರವಿರುವ ಪಹಣಿಯನ್ನು ಗಣಕೀಕರಿಸಿದ ಯೋಜನೆ ಇದು. ಇದರ ತಂತ್ರಾಂಶವನ್ನು ಸಿದ್ಧಪಡಿಸಿದ್ದು ಎನ್.ಐ.ಸಿ. ಎಂದು ಕರೆಯಲಾಗುವ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಮೊದಲ ಪ್ರಯೋಗ ನಡೆಯಿತು. 2002ರ ಹೊತ್ತಿಗೆ ಯೋಜನೆ ರಾಜ್ಯದ ಎಲ್ಲ ತಾಲ್ಲೂಕು ಕಚೇರಿಗಳಿಗೂ ಹಬ್ಬಿತ್ತು. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಹೀಗೆ ಗಣಕಯಂತ್ರ ಸೇರಿದವು. ಕೈಬರಹದ ಪಹಣಿಗೆ ಆಮೇಲೆ ಮಾನ್ಯತೆ ಉಳಿಯಲಿಲ್ಲ.

ಈ ಕೊನೆಯ ಮಾತನ್ನು ಗಮನಿಸಿ. ಹಳೆಯ ಪುಸ್ತಕ ಹೋಯಿತೆಂದರೆ ಗಣಕಯಂತ್ರ ಹೇಳಿದ್ದೇ ದಾಖಲೆಯಾಯಿತು. ಬ್ಯಾಂಕಿನ ಬೆಳೆಸಾಲಕ್ಕೂ, ವಾರಸಾ ಬದಲಾವಣೆಗೂ, ಭಟ್ಕಳ, ಹೊನ್ನಾವರ, ಕುಮಟಾಗಳ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟವರ ಪರಿಹಾರಕ್ಕೂ ಪಹಣಿಯೇ ಆಧಾರ. ಇಂಥ ತಂತ್ರಾಂಶವನ್ನು ಎಷ್ಟು ಕಡೆಗಳಿಂದ ಪರೀಕ್ಷಿಸಬೇಕು ಎಂಬುದು ಪಾಠಕ್ಕೆ ಒಳ್ಳೆಯ ಉದಾಹರಣೆ. ಹಾಗಾಗಿ ನಾವು ಒಂದು ಪಹಣಿ ತಂತ್ರಾಂಶವನ್ನು ಕಲ್ಪಿಸಿಕೊಳ್ಳೋಣ. ಮುಂದೆ ಬರುವ ತಪ್ಪುಗಳೆಲ್ಲ ಆ ಕಲ್ಪನೆಯ ತಂತ್ರಾಂಶದವು, ಯಾವ ಕಚೇರಿಯವೂ ಅಲ್ಲ.

ಭರವಸೆ ಬೇರೆ, ಪರೀಕ್ಷೆ ಬೇರೆ

ಗುಣಮಟ್ಟದ ಭರವಸೆ ಮತ್ತು ಪರೀಕ್ಷೆ, ಈ ಎರಡು ಮಾತುಗಳನ್ನು ಒಂದೇ ಎಂದು ಬಳಸುವವರು ಬಹಳ. ಅಡುಗೆಮನೆಯ ಉದಾಹರಣೆಯಿಂದ ವ್ಯತ್ಯಾಸ ತಿಳಿಯುತ್ತದೆ. ಸಾರು ಕುದಿದ ಮೇಲೆ ಒಂದು ಹನಿ ಅಂಗೈಗೆ ಹಾಕಿಕೊಂಡು ಉಪ್ಪು ನೋಡುವುದು ಪರೀಕ್ಷೆ. ನೀರು ಶುದ್ಧವಿದೆಯೇ, ಬೇಳೆ ಆರಿಸಿದ್ದಾರೆಯೇ, ಪಾತ್ರೆ ತೊಳೆದಿದೆಯೇ ಎಂದು ಮೊದಲಿನಿಂದ ನೋಡಿಕೊಳ್ಳುವುದು ಗುಣಮಟ್ಟದ ಭರವಸೆ. ಭರವಸೆಯ ಹೊಣೆ ಹೊತ್ತವರು ಕೆಲಸದ ಕ್ರಮವನ್ನು ನೋಡುತ್ತಾರೆ. ಪ್ರತಿಯೊಂದು ಬದಲಾವಣೆಯನ್ನೂ ಎರಡನೆಯವರು ಓದಿದ್ದಾರೆಯೇ? ಸಿಕ್ಕ ದೋಷವನ್ನು ದಾಖಲಿಸಿದ್ದಾರೆಯೇ? ಅದೇ ತಪ್ಪು ಮತ್ತೆ ಬಾರದಂತೆ ಏನು ಮಾಡಿದ್ದಾರೆ? ಇವು ಅವರ ಪ್ರಶ್ನೆಗಳು.

ದೋಷಕ್ಕೆ ಈ ಕಸುಬಿನವರ ಮಾತು ‘ಬಗ್’, ಅಂದರೆ ಹುಳು. 1947ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಗಣಕಯಂತ್ರದ ರಿಲೇಯಲ್ಲಿ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು, ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ ಇಟ್ಟರು. ಆದರೆ ಯಂತ್ರದ ದೋಷಕ್ಕೆ ಹುಳು ಎನ್ನುವ ಅಭ್ಯಾಸ ಅದಕ್ಕಿಂತಲೂ ಹಳೆಯದು.

ಬರೆಯುವ ಮೊದಲೇ ಕೇಳುವವರು

ಮೊದಲನೆಯ ತಜ್ಞರು ತಂತ್ರಾಂಶದ ಒಂದು ಸಾಲೂ ಹುಟ್ಟುವ ಮುನ್ನ ಕೆಲಸಕ್ಕೆ ತೊಡಗುತ್ತಾರೆ. ‘ಏನು ಬೇಕು’ ಎಂದು ಬರೆದಿರುವ ಕಾಗದವನ್ನೇ ಇವರು ಪರೀಕ್ಷಿಸುತ್ತಾರೆ. ಇವರನ್ನು ಅಗತ್ಯಗಳ ವಿಶ್ಲೇಷಕರು ಎನ್ನಬಹುದು.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿಯನ್ನು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟುಕೊಂಡು ಸಿಗಡಿ, ಮೀನು ಹಿಡಿಯುತ್ತಾರೆ. ‘ಪ್ರತಿ ಜಮೀನಿಗೆ ಒಂದು ಬೆಳೆಯ ಹೆಸರು ನಮೂದಿಸಬೇಕು’ ಎಂದಷ್ಟೇ ಕಾಗದದಲ್ಲಿದ್ದರೆ ವಿಶ್ಲೇಷಕರು ಅಲ್ಲೇ ತಡೆಯುತ್ತಾರೆ. ಒಂದೇ ವರ್ಷದಲ್ಲಿ ಎರಡು ಬಗೆಯ ಬಳಕೆ ಇದ್ದರೆ? ಸಿಗಡಿಯನ್ನು ಬೆಳೆ ಎನ್ನಬೇಕೇ? ನಮ್ಮ ಒಂದು ಆಣೆಯ ಪ್ರಶ್ನೆಯೂ ಮೊದಲು ಇವರದ್ದೇ. ಪಾಲು ಸಮನಾಗದೆ ಮಿಕ್ಕಿದ ಭಾಗ ಯಾರ ಹೆಸರಿಗೆ? ಇದನ್ನು ತೀರ್ಮಾನಿಸಬೇಕಾದವರು ಕುಟುಂಬದವರು ಮತ್ತು ಅಳತೆಗೆ ಬರುವ ಭೂಮಾಪಕರು. ಬೆಂಗಳೂರಿನಲ್ಲಿ ಕುಳಿತ ತಂತ್ರಾಂಶ ಬರಹಗಾರರು ತಮಗರಿವಿಲ್ಲದೆ ಅದನ್ನು ತೀರ್ಮಾನಿಸಿಬಿಡಬಾರದು.

ಕಾಗದದ ಮೇಲಿನ ತಪ್ಪನ್ನು ಪೆನ್ಸಿಲ್ಲಿನಿಂದ ತಿದ್ದಬಹುದು. ಅದೇ ತಪ್ಪು ಲಕ್ಷಾಂತರ ಪಹಣಿಗಳಲ್ಲಿ ಅಚ್ಚಾದ ಮೇಲೆ ತಿದ್ದಲು ಒಂದೊಂದು ಮನೆಯನ್ನೂ ಹುಡುಕಬೇಕಾಗುತ್ತದೆ.

ಅಂಚಿನಲ್ಲಿ ನಿಂತು ನೋಡುವವರು

ಕಾರ್ಯ ಪರೀಕ್ಷಕರು ಎಲ್ಲರಿಗೂ ಪರಿಚಿತರು. ತಂತ್ರಾಂಶ ಮಾಡಬೇಕಾದ ಕೆಲಸವನ್ನು ಮಾಡುತ್ತದೆಯೇ ಎಂದು ನೋಡುವವರು. ಆದರೆ ಎಲ್ಲ ಸಂಖ್ಯೆಗಳನ್ನೂ ಕೊಟ್ಟು ನೋಡಲು ಯಾರಿಂದಲೂ ಸಾಧ್ಯವಿಲ್ಲ. ಆದ್ದರಿಂದ ಇವರು ಅಂಚುಗಳನ್ನು ಆರಿಸಿಕೊಳ್ಳುತ್ತಾರೆ. ತಪ್ಪುಗಳು ನಡುವಿನಲ್ಲಿ ಕಡಿಮೆ, ಅಂಚಿನಲ್ಲಿ ಹೆಚ್ಚು.

ಗುಂಟೆಯ ಅಂಚು ಯಾವುದು? 39 ಮತ್ತು 40. ಆಣೆಯ ಅಂಚು 15 ಮತ್ತು 16. ಆದ್ದರಿಂದ 2 ಎಕರೆ 39 ಗುಂಟೆ 15 ಆಣೆಗೆ ಒಂದು ಆಣೆ ಸೇರಿಸಿ ನೋಡುತ್ತಾರೆ. ಉತ್ತರ ಸರಿಯಾಗಿ 3 ಎಕರೆ ಆಗಬೇಕು. ಇನ್ನೊಂದು ಪ್ರಯೋಗ ನೋಡಿ. 2 ಎಕರೆ 15 ಗುಂಟೆಯನ್ನು ತಂತ್ರಾಂಶ 2.15 ಎಂದು, 1 ಎಕರೆ 30 ಗುಂಟೆಯನ್ನು 1.30 ಎಂದು ಇಟ್ಟುಕೊಂಡಿದ್ದರೆ ದಶಮಾಂಶದಂತೆ ಕೂಡಿ 3.45 ಎನ್ನುತ್ತದೆ. 45 ಗುಂಟೆ ಎಂಬುದೇ ಇಲ್ಲವಲ್ಲ! ಸರಿಯಾದ ಉತ್ತರ 4 ಎಕರೆ 5 ಗುಂಟೆ. ಪರದೆಯ ಮೇಲೆ 3.45 ಎಂದು ಅಂದವಾಗಿ ಮೂಡಿದಾಗ ಅವಸರದಲ್ಲಿರುವವರಿಗೆ ಅದು ತಪ್ಪೆಂದು ಹೊಳೆಯುವುದೇ ಇಲ್ಲ. ಗುಂಟೆ, ಆಣೆಗಳ ಮನೆಯಲ್ಲಿ ಬೆಳೆದವರಿಗೆ ತಟ್ಟನೆ ಹೊಳೆಯುತ್ತದೆ.

ಸರಿಯಾದದ್ದನ್ನು ಕೊಟ್ಟು ನೋಡಿದ ಮೇಲೆ ತಪ್ಪನ್ನೂ ಕೊಟ್ಟು ನೋಡುತ್ತಾರೆ. ಗುಂಟೆಯ ಜಾಗದಲ್ಲಿ 41, ಋಣ ಸಂಖ್ಯೆ, ಅಕ್ಷರ, ಖಾಲಿ ಜಾಗ. ತಂತ್ರಾಂಶ ಇವನ್ನು ಒಪ್ಪಿಕೊಳ್ಳಬಾರದು, ಏಕೆ ಒಪ್ಪಲಿಲ್ಲ ಎಂದು ತಿಳಿಯುವ ಭಾಷೆಯಲ್ಲಿ ಹೇಳಬೇಕು. ಕೊನೆಗೆ ಇವರು ಹಾಕುವ ಒಂದು ನಿಯಮ ನಮ್ಮ ಕಥೆಗೆ ಮುಖ್ಯ: ಪಾಲುಗಳನ್ನೆಲ್ಲ ಕೂಡಿಸಿದರೆ ಮೂಲದಷ್ಟೇ ಬರಬೇಕು. ಕಳೆದುಹೋದ ಒಂದು ಆಣೆ ಸಿಕ್ಕಿಬೀಳುವುದು ಇಲ್ಲಿ.

ಎರಡು ಅಳತೆಗಳ ನಡುವೆ ನಿಂತವರು

ಭಟ್ಕಳದಿಂದ ದಕ್ಷಿಣಕ್ಕೆ ಹೊರಟು ಗಡಿ ದಾಟಿದರೆ ಉಡುಪಿ ಜಿಲ್ಲೆಯ ಶಿರೂರು. ಅದೇ ಕಡಲು, ಅದೇ ತೆಂಗು. ಆದರೆ ಜಮೀನಿನ ಅಳತೆ ಬೇರೆ! ಉತ್ತರ ಕನ್ನಡದಲ್ಲಿ ಗುಂಟೆ, ಅಲ್ಲಿ ಸೆಂಟ್ಸು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣದ ಭಾಗ ಮದ್ರಾಸಿನಲ್ಲೇ ಉಳಿಯಿತು. ಆಡಳಿತ ಬೇರೆಯಾದಂತೆ ಕಂದಾಯದ ಪದ್ಧತಿಗಳೂ ಬೇರೆಯಾದವು. ಎಕರೆಗೆ 40 ಗುಂಟೆಯಾದರೆ ಸೆಂಟ್ಸು 100. ಸೊನ್ನೆ ಎಕರೆ 25 ಎಂದು ಬರೆದದ್ದನ್ನು ಭಟ್ಕಳದಲ್ಲಿ ಓದಿದರೆ 27,225 ಚದರ ಅಡಿ, ಶಿರೂರಿನಲ್ಲಿ ಓದಿದರೆ 10,890 ಚದರ ಅಡಿ.

ಒಂದು ಭಾಗದ ತಂತ್ರಾಂಶ ಗುಂಟೆಯಲ್ಲಿ ಕಳಿಸಿ ಇನ್ನೊಂದು ಭಾಗ ಅದನ್ನು ಸೆಂಟ್ಸು ಎಂದು ಓದಿಕೊಂಡರೆ ಎರಡರಲ್ಲೂ ಪ್ರತ್ಯೇಕವಾಗಿ ತಪ್ಪು ಕಾಣುವುದಿಲ್ಲ. ತಪ್ಪಿರುವುದು ನಡುವಿನ ಬೆಸುಗೆಯಲ್ಲಿ. ಬೆಸುಗೆಯನ್ನು ನೋಡುವವರು ಜೋಡಣಾ ಪರೀಕ್ಷಕರು. ಇದು ಬರೀ ಊಹೆಯ ಮಾತಲ್ಲ. ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹಕ್ಕೆ ಕಳಿಸಿದ್ದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ 1999ರ ಸೆಪ್ಟೆಂಬರಿನಲ್ಲಿ ಗ್ರಹವನ್ನು ತಲುಪುತ್ತಿದ್ದಂತೆಯೇ ನಾಶವಾಯಿತು. ಭೂಮಿಯ ಮೇಲಿನ ಒಂದು ತಂತ್ರಾಂಶ ನೂಕುಬಲವನ್ನು ಪೌಂಡಿನ ಮಾನದಲ್ಲಿ ಕೊಡುತ್ತಿತ್ತು, ಅದನ್ನು ಬಳಸಿಕೊಂಡ ತಂತ್ರಾಂಶ ನ್ಯೂಟನ್ ಮಾನವೆಂದು ತಿಳಿದಿತ್ತು. ಶಿರೂರಿನ ಗಡಿಯಲ್ಲಿ ಕಾಣುವ ಸಮಸ್ಯೆಯೇ ಅಲ್ಲಿ ಮಂಗಳನ ಬಾಗಿಲಲ್ಲಿ ಎದುರಾಗಿತ್ತು.

ಅಕ್ಷರ ಕಾಯುವವರು

ಭಾಷಾ ಪರೀಕ್ಷಕರ ಕೆಲಸ ಅನುವಾದ ತಿದ್ದುವುದಷ್ಟೇ ಎಂದು ತಿಳಿಯಬೇಡಿ. ನಮ್ಮ ಜಿಲ್ಲೆಯಲ್ಲಿ ‘ನಾಯ್ಕ’ ಬೇರೆ, ‘ನಾಯಕ’ ಬೇರೆ. ‘ಹೆಗಡೆ’ ಎಂದು ಬರೆಯುವವರಿದ್ದಾರೆ, ‘ಹೆಗ್ಡೆ’ ಎಂದು ಬರೆಯುವವರೂ ಇದ್ದಾರೆ. ಒಂದು ಒತ್ತು ಕಳೆದುಹೋದರೆ ವ್ಯಕ್ತಿಯೇ ಬದಲಾದಂತೆ.

‘ಲಕ್ಷ್ಮೀ’ ಎಂಬ ಹೆಸರನ್ನು ನೋಡಿ. ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಪದ್ಧತಿಯ ಗಣಕಯಂತ್ರದೊಳಗೆ ಅದು ಏಳು ಸಂಕೇತಗಳ ಸರಣಿ. ಹೆಸರಿಗೆ ಇಂತಿಷ್ಟೇ ಸಂಕೇತ ಎಂದು ಮಿತಿ ಹಾಕಿದ್ದರೆ ಉದ್ದನೆಯ ಹೆಸರೊಂದು ಒತ್ತಕ್ಷರದ ನಡುವೆಯೇ ಕತ್ತರಿಸಿ ಹೋಗಬಹುದು. ಇನ್ನೊಂದು ಸೂಕ್ಷ್ಮವಿದೆ. ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರದ ಸೊನ್ನೆಯೂ ನೋಡಲು ಒಂದೇ ರೀತಿ. ಗಣಕಯಂತ್ರಕ್ಕೆ ಅವೆರಡೂ ಬೇರೆ ಬೇರೆ. ‘ಶಂಕರ’ ಎಂದು ಬೆರಳಚ್ಚಿಸುವಾಗ ಅನುಸ್ವಾರದ ಬದಲು ಅಂಕಿ ಬಿದ್ದರೆ ಮುದ್ರಿತ ಪಹಣಿಯಲ್ಲಿ ಯಾರಿಗೂ ವ್ಯತ್ಯಾಸ ಕಾಣದು. ಹುಡುಕಿದಾಗ ಮಾತ್ರ ಆ ಹೆಸರು ಸಿಗುವುದಿಲ್ಲ. ಜಮೀನಿನ ಒಡೆಯರು ಕಿಟಕಿಯ ಮುಂದೆ ನಿಂತಿರುತ್ತಾರೆ, ‘ನಿಮ್ಮ ಹೆಸರೇ ಇಲ್ಲ’ ಎಂಬ ಉತ್ತರ ಬರುತ್ತದೆ. ಇದನ್ನು ಊಹಿಸಿ ಮುಂಚೆಯೇ ಪರೀಕ್ಷಿಸಲು ಕನ್ನಡ ಬಲ್ಲವರೇ ಬೇಕು.

ಸರದಿಯನ್ನು ಅಳೆಯುವವರು

ಒಬ್ಬರು ಕೇಳಿದಾಗ ಎರಡು ಸೆಕೆಂಡಿನಲ್ಲಿ ಪಹಣಿ ಬಂತು. ಸಂತೋಷ. ಮುಂಗಾರಿನ ಮೊದಲ ವಾರ ಬೆಳೆಸಾಲಕ್ಕಾಗಿ ರಾಜ್ಯದ ಎಲ್ಲ ತಾಲ್ಲೂಕುಗಳಿಂದ ಸಾವಿರಾರು ಜನ ಒಟ್ಟಿಗೆ ಕೇಳಿದರೆ? ಇದು ಕಾರ್ಯಕ್ಷಮತಾ ಪರೀಕ್ಷಕರ ಪ್ರಶ್ನೆ. ಸಾವಿರ ಮಂದಿಯನ್ನು ಕರೆತಂದು ಕೂರಿಸಲಾಗದು. ಸಾವಿರ ಮಂದಿಯಂತೆ ವರ್ತಿಸುವ ಇನ್ನೊಂದು ತಂತ್ರಾಂಶವನ್ನು ಇವರು ಬಳಸುತ್ತಾರೆ. ನಿರೀಕ್ಷಿತ ಭಾರ ಹೊರಿಸಿ ನೋಡುವುದು ಒಂದು ಬಗೆ. ಮುರಿಯುವವರೆಗೂ ಭಾರ ಏರಿಸುವುದು ಇನ್ನೊಂದು. ಸಾಧಾರಣ ಭಾರವನ್ನೇ ದಿನಗಟ್ಟಲೆ ಹೊರಿಸಿ ಎಲ್ಲಿ ಸೋರುತ್ತದೆ ಎಂದು ಕಾಯುವುದು ಮತ್ತೊಂದು.

ಕರಾವಳಿಯವರಿಗೆ ಗೊತ್ತಿರುವ ಇನ್ನೊಂದು ಪರೀಕ್ಷೆಯಿದೆ. ಆಷಾಢದ ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ಹೋಯಿತು. ಅದೇ ಕ್ಷಣದಲ್ಲಿ ಜಮೀನು ಮಾರಿದವರ ಹೆಸರು ತೆಗೆದಾಗಿತ್ತು, ಕೊಂಡವರ ಹೆಸರು ಸೇರಿಸಬೇಕಾಗಿತ್ತು. ಜಮೀನು ಈಗ ಯಾರದ್ದು? ಆದರೆ ಎರಡೂ ಆಗಬೇಕು, ಇಲ್ಲವಾದರೆ ಒಂದೂ ಆಗಬಾರದು. ವಿದ್ಯುತ್ತನ್ನು ಬೇಕೆಂದೇ ನಡುವೆ ಕಡಿದು, ಮರಳಿ ಬಂದಾಗ ದಾಖಲೆ ಹೇಗಿದೆ ಎಂದು ನೋಡುವುದಕ್ಕೆ ಚೇತರಿಕೆಯ ಪರೀಕ್ಷೆ ಎಂದು ಹೆಸರು.

ಕಳ್ಳನಂತೆ ಯೋಚಿಸುವವರು

ಭದ್ರತಾ ಪರೀಕ್ಷಕರು ಒಡೆಯರ ಒಪ್ಪಿಗೆ ಪಡೆದು ಕಳ್ಳನ ಪಾತ್ರ ಮಾಡುತ್ತಾರೆ. ಬೇರೆಯವರ ಹೆಸರಿನಲ್ಲಿ ಒಳಗೆ ಬರಬಹುದೇ? ಓದಲು ಮಾತ್ರ ಅಧಿಕಾರವಿರುವವರು ತಿದ್ದಬಹುದೇ? ತಿದ್ದಿದವರ ಗುರುತು ಅಳಿಸಿಹಾಕಬಹುದೇ? ‘ಭೂಮಿ’ ಯೋಜನೆಯಲ್ಲಿ ದಾಖಲೆ ಬದಲಿಸುವ ಅಧಿಕಾರಿಗಳನ್ನು ಬೆರಳಚ್ಚಿನಿಂದ ಗುರುತಿಸುವ ವ್ಯವಸ್ಥೆ ತಂದದ್ದೂ, ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗುವಂತೆ ಮಾಡಿದ್ದೂ ಇಂಥ ಪ್ರಶ್ನೆಗಳಿಗೆ ಉತ್ತರವಾಗಿಯೇ. ಸರದಿ ತಪ್ಪಿಸುವ ಕಳ್ಳದಾರಿ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕುವುದು ಪರೀಕ್ಷಕರ ಕೆಲಸ. ಅಪಾಯ ಯಾವಾಗಲೂ ಹೊರಗಿನಿಂದಲೇ ಬರುತ್ತದೆ ಎಂದು ಇವರು ನಂಬುವುದಿಲ್ಲ. ಒಪ್ಪಿಗೆಯಿಲ್ಲದೆ ಹೀಗೆ ಮಾಡುವುದು ಅಪರಾಧ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ರಾತ್ರಿಯಿಡೀ ದುಡಿಯುವ ಯಂತ್ರ

ತಂತ್ರಾಂಶ ಒಮ್ಮೆ ಸಿದ್ಧವಾದರೆ ಮುಗಿಯಿತೆಂದಲ್ಲ. ಶುಲ್ಕ ಬದಲಾಗುತ್ತದೆ, ನಿಯಮ ಬದಲಾಗುತ್ತದೆ. ಇಲ್ಲಿ ಒಂದು ಸಾಲು ತಿದ್ದಿದರೆ ಅಲ್ಲಿ ಇನ್ನೇನೋ ಕೆಡುತ್ತದೆ. ಆದ್ದರಿಂದ ಪ್ರತಿ ಬದಲಾವಣೆಯ ನಂತರವೂ ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ನಡೆಸಬೇಕು. ಮನುಷ್ಯರಿಗೆ ಇದು ಬೇಸರ, ಬೇಸರದಲ್ಲಿ ಕಣ್ಣು ತಪ್ಪುತ್ತದೆ. ಸ್ವಯಂಚಾಲನಾ ತಜ್ಞರು ಪರೀಕ್ಷೆಗಳನ್ನೇ ತಂತ್ರಾಂಶವಾಗಿ ಬರೆದಿಡುತ್ತಾರೆ. 2004ರಲ್ಲಿ ಹುಟ್ಟಿದ ‘ಸೆಲೆನಿಯಂ’ ಇಂಥ ಕೆಲಸಕ್ಕೆ ಜಗತ್ತಿನಲ್ಲೆಲ್ಲ ಬಳಕೆಯಾಗಿರುವ ಉಚಿತ ಸಾಧನ. ಸಂಜೆ ಚಾಲೂ ಮಾಡಿ ಮನೆಗೆ ಹೋದರೆ ಬೆಳಗಾಗುವುದರೊಳಗೆ ನೂರಾರು ಪರೀಕ್ಷೆಗಳ ಫಲಿತಾಂಶ ಸಿದ್ಧ.

ಇತ್ತೀಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ಸಾಧನಗಳು ಪರೀಕ್ಷೆಗಳನ್ನು ತಾವೇ ಬರೆದುಕೊಡುತ್ತಿವೆ. ಹೇಳಿದ್ದನ್ನು ಮಾಡುವುದಷ್ಟೇ ಬಲ್ಲ ಪರೀಕ್ಷಕರಿಗೆ ಇದರಿಂದ ಕೆಲಸ ಕಡಿಮೆಯಾಗುತ್ತದೆ. ಆದರೆ ಯಂತ್ರ ಬರೆದ ಪರೀಕ್ಷೆ ಸರಿಯೇ ಎಂದು ಹೇಳುವುದಕ್ಕೂ ಒಬ್ಬರು ಬೇಕು. ಗಜನಿಯ ಸಿಗಡಿಯ ಬಗ್ಗೆ ಕೇಳಬೇಕೆಂದು ಹೊಳೆಯುವುದು ಗಜನಿಯನ್ನು ಕಂಡವರಿಗೆ.

ಬಳಸುವವರ ಮಾತು

ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ನಿಜವಾಗಿ ಬಳಸುವವರ ಕೈಗೆ ಕೊಟ್ಟು ನೋಡುವುದು ಸ್ವೀಕಾರ ಪರೀಕ್ಷೆ. ‘ಭೂಮಿ’ಯ ಕಾಲದಲ್ಲಿ ಬೆರಳಚ್ಚಿಸಿದ ದಾಖಲೆಗಳನ್ನು ಮುದ್ರಿಸಿ, ಆಗಿನ ಗ್ರಾಮ ಲೆಕ್ಕಾಧಿಕಾರಿಗಳಿಂದ ಹಳೆಯ ಪುಸ್ತಕದೊಂದಿಗೆ ತಾಳೆ ನೋಡಿಸಿದ್ದನ್ನು ಇಲ್ಲಿ ನೆನೆಯಬಹುದು. ಮದ್ದೂರಿನಲ್ಲಿ ಮೊದಲು ಪ್ರಯೋಗಿಸಿ ಆಮೇಲೆ ರಾಜ್ಯಕ್ಕೆ ವಿಸ್ತರಿಸಿದ್ದೂ ಒಂದು ಬಗೆಯ ಪರೀಕ್ಷೆಯೇ.

ಬಳಕೆಯ ಸುಲಭತೆಯನ್ನು ನೋಡುವ ತಜ್ಞರು ಬೇರೆ ಇದ್ದಾರೆ. ಕನ್ನಡಕ ಹಾಕಿಕೊಂಡರೂ ಸಣ್ಣಕ್ಷರ ಕಾಣದ ಅಜ್ಜನಿಗೆ ಈ ಪರದೆ ಓದಲಾಗುತ್ತದೆಯೇ? ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ಸಾಧನ ಹಾಕಿದರೆ ಗುಂಟೆ, ಆಣೆಗಳು ಸರಿಯಾಗಿ ಕೇಳಿಸುತ್ತವೆಯೇ? ನಮ್ಮ ಕಡೆ ಪಹಣಿ ಎನ್ನುವುದನ್ನು ಉತ್ತರದ ಜಿಲ್ಲೆಗಳಲ್ಲಿ ‘ಉತಾರ’ ಎನ್ನುತ್ತಾರೆ. ಆ ಹೆಸರಿನಿಂದ ಹುಡುಕಿದವರಿಗೂ ದಾರಿ ಸಿಗಬೇಕಲ್ಲವೇ?

ಎಲ್ಲರನ್ನೂ ಒಗ್ಗೂಡಿಸುವವರು

ಇಷ್ಟು ಜನರನ್ನು ಒಂದು ದಾರಿಗೆ ತರುವವರು ಪರೀಕ್ಷಾ ಮುಖ್ಯಸ್ಥರು. ಸಮಯ ಮತ್ತು ಹಣ ಯಾವಾಗಲೂ ಕಡಿಮೆಯೇ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಈ ಬಾರಿಗೆ ಬಿಡಬಹುದು ಎಂದು ಅಪಾಯ ತೂಗಿ ಹೇಳುವವರು ಇವರು. ಮುದ್ರಿತ ಪ್ರತಿಯ ಅಂಚಿನ ಗೆರೆ ಸೊಟ್ಟಗಿದ್ದರೆ ಮುಂದಿನ ತಿಂಗಳು ಸರಿಪಡಿಸಬಹುದು. ಪಾಲಿನ ಲೆಕ್ಕ ತಪ್ಪಿದ್ದರೆ ಬಿಡುಗಡೆಯನ್ನೇ ತಡೆಯಬೇಕು. ‘ದೋಷವೇ ಇಲ್ಲ’ ಎಂದು ಬಲ್ಲ ಮುಖ್ಯಸ್ಥರು ಎಂದೂ ಹೇಳುವುದಿಲ್ಲ. ಇಷ್ಟನ್ನು ನೋಡಿದ್ದೇವೆ, ಇಷ್ಟನ್ನು ನೋಡಿಲ್ಲ ಎಂದು ಹೇಳುತ್ತಾರೆ.

ಆ ಮಾತನ್ನು ಕೇಳಿಸಿಕೊಳ್ಳದೆ ಹೋದರೆ ಏನಾಗುತ್ತದೆ? ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣ ನೋಡಿ. ‘ಹೊರೈಜನ್’ ಎಂಬ ತಂತ್ರಾಂಶ ಅಂಚೆ ಕಚೇರಿಗಳ ಲೆಕ್ಕದಲ್ಲಿ ಹಣ ಕಡಿಮೆಯಿದೆ ಎಂದು ತೋರಿಸಿತು. ಯಂತ್ರ ತಪ್ಪಲಾರದು ಎಂದು ನಂಬಿ ಕಚೇರಿ ನಡೆಸುತ್ತಿದ್ದವರ ಮೇಲೆ ಕಳವು, ಮೋಸದ ಆರೋಪ ಹೊರಿಸಿದರು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿಕೊಂಡರು. ಕೆಲವರು ಜೈಲಿಗೆ ಹೋದರು, ಅನೇಕರು ಮನೆಮಠ ಕಳೆದುಕೊಂಡರು. ತಂತ್ರಾಂಶದಲ್ಲಿ ದೋಷಗಳಿದ್ದವೆಂದು 2019ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. 2024ರಲ್ಲಿ ಸಂಸತ್ತು ಕಾನೂನು ಮಾಡಿಯೇ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು. ಲೆಕ್ಕ ಸರಿಯಿಲ್ಲ ಎಂದು ಆ ಜನ ವರ್ಷಗಟ್ಟಲೆ ಹೇಳುತ್ತಲೇ ಇದ್ದರು.

ದೋಷವನ್ನು ಬರೆಯುವ ಬಗೆ

ದೋಷ ಕಂಡರೆ ಸಾಲದು, ಇನ್ನೊಬ್ಬರು ನಂಬಿ ತಿದ್ದುವಂತೆ ಬರೆಯಬೇಕು. ‘ಪಾಲಿನ ಲೆಕ್ಕ ಸರಿ ಬರುವುದಿಲ್ಲ’ ಎಂದು ಬರೆದರೆ ತಿದ್ದುವವರಿಗೆ ಏನೂ ತಿಳಿಯದು. ಹೀಗೆ ಬರೆಯಿರಿ:

ಮಾಡಿದ್ದು: 1 ಎಕರೆ ಜಮೀನನ್ನು ಮೂರು ಸಮ ಪಾಲು ಮಾಡಲು ಹೇಳಿದೆ.
ನಿರೀಕ್ಷಿಸಿದ್ದು: ಮೂರು ಪಾಲುಗಳ ಮೊತ್ತ 1 ಎಕರೆ ಆಗಬೇಕು, ಮಿಕ್ಕಿದ್ದರೆ ಯಾರ ಹೆಸರಿಗೆ ಎಂದು ಕೇಳಬೇಕು.
ಆದದ್ದು: ತಲಾ 13 ಗುಂಟೆ 5 ಆಣೆ ಬಂತು, ಮೊತ್ತ 39 ಗುಂಟೆ 15 ಆಣೆ. ಮಿಕ್ಕ 1 ಆಣೆಯ ಬಗ್ಗೆ ಯಾವ ಸೂಚನೆಯೂ ಇಲ್ಲ.

ಇದರಲ್ಲಿ ಯಾರನ್ನೂ ಬೈದಿಲ್ಲ, ಊಹೆಯೂ ಇಲ್ಲ. ಓದಿದವರು ಯಾರೇ ಆದರೂ ಅದೇ ಹೆಜ್ಜೆಗಳನ್ನಿಟ್ಟು ಅದೇ ದೋಷವನ್ನು ಕಾಣಬಹುದು. ಭೌತಶಾಸ್ತ್ರದ ಪ್ರಯೋಗ ಪುಸ್ತಕವನ್ನು ಶುದ್ಧವಾಗಿ ಬರೆಯುವ ವಿದ್ಯಾರ್ಥಿಗೆ ಇದು ಹೊಸತೇನಲ್ಲ.

ನೀವು ಎಲ್ಲಿಂದ ಆರಂಭಿಸಬಹುದು?

ಭಟ್ಕಳದಲ್ಲಿ ಎಂಜಿನಿಯರಿಂಗ್ ಓದುತ್ತಿರುವವರಿಗೂ, ಹೊನ್ನಾವರ, ಕುಮಟಾಗಳ ಕಾಲೇಜುಗಳಲ್ಲಿ ಬಿ.ಎಸ್ಸಿ., ಬಿ.ಕಾಂ., ಬಿ.ಎ. ಓದುತ್ತಿರುವವರಿಗೂ ಈ ಕಸುಬಿನಲ್ಲಿ ಜಾಗವಿದೆ. ಸ್ವಯಂಚಾಲನೆ ಮತ್ತು ಭದ್ರತೆಗೆ ತಂತ್ರಾಂಶ ಬರೆಯುವ ಅಭ್ಯಾಸ ಬೇಕು. ಕಾರ್ಯಕ್ಷಮತೆಗೆ ಸಂಖ್ಯಾಶಾಸ್ತ್ರದ ತಿಳಿವಳಿಕೆ ನೆರವಾಗುತ್ತದೆ. ಅಗತ್ಯಗಳ ವಿಶ್ಲೇಷಣೆಗೆ ಲೆಕ್ಕಪತ್ರ, ಕಾನೂನು, ಕೃಷಿ ಯಾವುದಾದರೂ ಒಂದು ಕ್ಷೇತ್ರವನ್ನು ಆಳವಾಗಿ ಬಲ್ಲವರು ಬೇಕು. ಭಾಷಾ ಪರೀಕ್ಷೆಗೆ ಕನ್ನಡ ವ್ಯಾಕರಣ ಬಲ್ಲವರು ಬೇಕು. ಅಂತರರಾಷ್ಟ್ರೀಯ ಮಟ್ಟದಲ್ಲಿ ಐ.ಎಸ್.ಟಿ.ಕ್ಯೂ.ಬಿ. ಎಂಬ ಮಂಡಳಿ 2002ರಿಂದ ಇದೆ. ಅದರ ಪ್ರಾಥಮಿಕ ಪ್ರಮಾಣಪತ್ರದ ಪಠ್ಯಕ್ರಮ ಎಲ್ಲರಿಗೂ ಓದಲು ಸಿಗುತ್ತದೆ. ಪರೀಕ್ಷೆ ಕಟ್ಟದಿದ್ದರೂ ಪಠ್ಯಕ್ರಮವನ್ನು ಓದಿಕೊಂಡರೆ ಈ ಕಸುಬಿನ ಮಾತುಗಳು ಪರಿಚಯವಾಗುತ್ತವೆ.

ಇಂದೇ ಮಾಡಬಹುದಾದ ಅಭ್ಯಾಸವೊಂದಿದೆ. ಮನೆಯಲ್ಲಿರುವ ಒಂದು ಹಳೆಯ ಪಹಣಿಯನ್ನು ಹಿರಿಯರನ್ನು ಕೇಳಿ ತೆಗೆದುಕೊಳ್ಳಿ. ಒಂದೊಂದು ಅಂಕಣವೂ ಏನು ಹೇಳುತ್ತದೆ ಎಂದು ಅವರಿಂದಲೇ ತಿಳಿಯಿರಿ. ಅದನ್ನು ಮುದ್ರಿಸುವ ತಂತ್ರಾಂಶಕ್ಕೆ ನೀವು ಕೇಳುವ ಇಪ್ಪತ್ತು ಪ್ರಶ್ನೆಗಳನ್ನು ಬರೆಯಿರಿ. ಆಮೇಲೆ ಅವನ್ನು ವಿಂಗಡಿಸಿ. ಎಷ್ಟು ಪ್ರಶ್ನೆಗಳು ಲೆಕ್ಕದವು, ಎಷ್ಟು ಅಕ್ಷರದವು, ಎಷ್ಟು ಭದ್ರತೆಯವು, ಎಷ್ಟು ಬಳಸುವವರ ಅನುಕೂಲದವು? ಎಲ್ಲಿ ನಿಮ್ಮ ಪ್ರಶ್ನೆಗಳು ತಾವಾಗಿಯೇ ಹರಿದುಬಂದವೋ ಅದೇ ನಿಮಗೆ ಒಗ್ಗುವ ವಿಭಾಗ. ಎಲ್ಲಿ ಒಂದೂ ಹೊಳೆಯಲಿಲ್ಲವೋ ಅಲ್ಲಿ ನಿಮಗೆ ಜೊತೆಗಾರರು ಬೇಕು.

ಆ ಇಪ್ಪತ್ತರಲ್ಲಿ ಒಂದನ್ನು ಮಾತ್ರ ಬಿಡಬೇಡಿ. ಎಲ್ಲ ಪಾಲುಗಳನ್ನೂ ಮತ್ತೆ ಕೂಡಿಸಿ ನೋಡಿ, ಒಂದು ಎಕರೆ ಒಂದು ಎಕರೆಯಾಗಿಯೇ ಉಳಿದಿದೆಯೇ ಎಂದು.